ಗ್ರಹಣದ ಬೆಳಕು, ಬರಿದಾದ ಬಯಲು

ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ, 1954ನೆಯ ಇಸವಿ ಅಕ್ಟೋಬರ್ 27ರ ಅಪರಾಹ್ನ, ಫಿಯೊರೆಂಟೀನಾ ತಂಡದ ಎರಡನೆಯ ಸಾಲಿನ ಆಟಗಾರರಿಗೂ ನೆರೆಯೂರಾದ ಪಿಸ್ಟೋಯಿಯದವರಿಗೂ ಕಾಲ್ಚೆಂಡಿನ ಪಂದ್ಯ ನಡೆಯುತ್ತಿದ್ದಿತು. ಸುಮಾರು 10,000 ಮಂದಿ ಪ್ರೇಕ್ಷಕರು ನೆರೆದಿದ್ದರು. ವಿರಾಮ ಮುಗಿದು ಆಟ ಮತ್ತೆ ಮೊದಲಾದ ಸ್ವಲ್ಪ ಹೊತ್ತಿನಲ್ಲಿಯೇ, ಅದುವರೆಗೆ ಚೆಂಡಿನ ಬೆನ್ನು ಬಿಡದಿದ್ದ ಕಣ್ಣುಗಳೆಲ್ಲ ಒಮ್ಮೆಗೇ ಆಕಾಶದತ್ತ ತಿರುಗಿದುವು. ಜನ ಕೈಯೆತ್ತಿ ತೋರಿಸತೊಡಗಿದರು. ಆಟಗಾರರು ನಿಂತಲ್ಲಿಯೇ ನಿಂತರು. ಒದೆಯುವವರಿಲ್ಲದ ಚೆಂಡು ತಾನಾಗಿ ಉರುಳಿ ಸುಮ್ಮನಾಯಿತು. ಮೊಟ್ಟೆಯ ಆಕಾರದ, ಹೊಳೆಹೊಳೆಯುವ ಏನೋ ಒಂದು ಬಯಲಿನ ಮೇಲೆ ಮೆಲ್ಲಮೆಲ್ಲನೆ ಸಾಗಿಹೋಯಿತೆಂದೂ, ಅದರಿಂದ ಬೆಳ್ಳಿಯಂಥ ಎಳೆಗಳು ಉದುರಿದುವೆಂದೂ, ಅಂದು ಆಡುತ್ತಿದ್ದ ಆರ್ಡೀಕೊ ಮನ್ಯೀನಿ—ಅದೇ ವರ್ಷದ ವಿಶ್ವಕಪ್ಪಿನಲ್ಲಿ ಇಟಲಿಯ ಪರವಾಗಿ ಆಡಿದವರು—ಅರುವತ್ತು ವರ್ಷಗಳ ಬಳಿಕವೂ ನೆನಪಿಸಿಕೊಂಡು ಹೇಳಿದರು.

ಆ ಎಳೆಗಳನ್ನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ ಬೋರಾನ್, ಸಿಲಿಕಾನ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಇವುಗಳ ಅಂಶ ಕಂಡುಬಂದಿತು. ಶರತ್ಕಾಲದಲ್ಲಿ ಜೇಡಗಳು ನೂಲಿನ ಎಳೆಯನ್ನು ಗಾಳಿಗೆ ಬಿಟ್ಟು, ಅದನ್ನೇ ಹಾಯಿಯನ್ನಾಗಿ ಮಾಡಿಕೊಂಡು, ಗುಂಪುಗುಂಪಾಗಿ ವಲಸೆ ಹೋಗುವುದುಂಟು. ಬಿಸಿಲಿಗೆ ಹೊಳೆದ ಆ ಜೇಡರಬಲೆಯ ಮುದ್ದೆಯನ್ನೇ ಜನ ಕಂಡಿರಬೇಕೆಂದು ಕೆಲವರ ಸಮಾಧಾನ. ನೂಲಿನ ರಸಾಯನಕ್ಕೂ ಪರೀಕ್ಷೆಯ ಫಲಕ್ಕೂ ಹೊಂದಿಕೆಯಿಲ್ಲವೆಂದು ಮತ್ತೆ ಕೆಲವರ ಆಕ್ಷೇಪ. ಈ ವಾದದ ತೀರ್ಮಾನ ಇಲ್ಲಿ ನಮಗೆ ಬೇಕಾದುದಲ್ಲ. ಒಂದು ಜನಸ್ತೋಮ, ಬೇರೊಂದು ಉದ್ದೇಶದಿಂದ ಒಂದೆಡೆ ಕೂಡಿರುವಾಗ, ಆಕಾಶದಲ್ಲಿ ಅಪೂರ್ವವಾದುದೊಂದು ತೋರಿದರೆ, ಆ ನೋಟವು ನೋಡಿದವರೆಲ್ಲರ ಸಾಮಾನ್ಯ ಸ್ವತ್ತಾಗಿ ಉಳಿಯುತ್ತದೆ. ಒಬ್ಬನ ನೆನಪನ್ನು ಇನ್ನೊಬ್ಬನ ನೆನಪು ಕಾಪಾಡುತ್ತದೆ. ಅಂದಿನ ಪಂದ್ಯದ ಗೋಲುಗಳನ್ನು ಕೇಳುವವರು ಈಗ ಯಾರೂ ಇಲ್ಲ; ಆಟ ನಿಂತ ಆ ಕೆಲವು ನಿಮಿಷಗಳ ವೃತ್ತಾಂತ ಮಾತ್ರ ಇನ್ನೂ ಜೀವಂತವಾಗಿದೆ.

ಮುಂಬಯಿಯ ಜನರಿಗೂ ಇಂಥದೊಂದು ಅವಕಾಶ ಒಮ್ಮೆ ಒದಗಿತ್ತು. ಮುಂಬಯಿಯ ಕಾಲ್ಚೆಂಡಿನ ಇತಿಹಾಸವೆಲ್ಲ ಕೂಪರೇಜ್ ಬಯಲಿನದು. ಹಿಂದೆ ಪೀಪಾಯಿಗಳನ್ನು ಕಟ್ಟುವ ಕುಶಲಕರ್ಮಿಗಳಿಂದ ಹೆಸರು ಪಡೆದ ಆ ಸ್ಥಳವು, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆರಂಭವಾದ ರೋವರ್ಸ್ ಕಪ್ ಪಂದ್ಯಾವಳಿಯಿಂದ ಪ್ರಸಿದ್ಧವಾಯಿತು. ಗೋರಾ ಪಲ್ಟನ್ನುಗಳೇ ಗೆದ್ದುಕೊಂಡು ಬರುತ್ತಿದ್ದ ಆ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡದವರು, ಭಾರತೀಯರಲ್ಲಿ ಮೊದಲಿಗರಾಗಿ, ಗೆದ್ದುದು ಕನ್ನಡ ನಾಡಿನವರು ಮರೆಯಬಾರದ ಸಂಗತಿ. ಮರುವರ್ಷವೂ ಅದು ಅವರಿಗೇ ದಕ್ಕಿತು. ಆದರೆ ಆಕಾಶಕ್ಕೂ ಆಟಕ್ಕೂ ನಂಟು ಬಿದ್ದ ಕಥೆ ಕೂಪರೇಜಿನದಲ್ಲ. ಅಲ್ಲಿಂದ ಸ್ವಲ್ಪ ದೂರದ ನಡಿಗೆಯಲ್ಲಿ, ಚರ್ಚ್‌ಗೇಟಿನ ರೈಲುಹಳಿಯ ಮಗ್ಗುಲಲ್ಲಿ, 1975ರಲ್ಲಿ ತಲೆಯೆತ್ತಿದ ವಾಂಖೆಡೆ ಕ್ರೀಡಾಂಗಣದ್ದು. ಆಟವೂ ಕಾಲ್ಚೆಂಡಲ್ಲ, ಕ್ರಿಕೆಟ್ಟು. ಫ್ಲಾರೆನ್ಸಿನ ಬೆಳಕು ಹೇಳದೆ ಕೇಳದೆ ಬಂದಿತು. ಮುಂಬಯಿಯದು ಪಂಚಾಂಗದಲ್ಲಿ ಘಳಿಗೆ ವಿಘಳಿಗೆಗಳ ಲೆಕ್ಕ ಸಹಿತ ಮೊದಲೇ ಸಾರಿಕೊಂಡು ಬಂದಿತು.

ಅದು ಸಿದ್ಧಾರ್ಥಿ ಸಂವತ್ಸರದ ಮಾಘ ಬಹುಳ ಅಮಾವಾಸ್ಯೆ, ಶನಿವಾರ. ಇಂಗ್ಲಿಷ್ ಲೆಕ್ಕಕ್ಕೆ 1980ರ ಫೆಬ್ರವರಿ 16. ಭಾರತದ ಮುಖ್ಯ ಭೂಭಾಗದ ಮೇಲೆ, 1898ರ ತರುವಾಯ 82 ವರ್ಷಗಳಾದ ಮೇಲೆ, ಖಗ್ರಾಸ ಸೂರ್ಯಗ್ರಹಣವೊಂದು ಹಾದುಹೋದ ದಿನ. ಆಫ್ರಿಕವನ್ನು ದಾಟಿ, ಸಮುದ್ರದ ಮೇಲೆ ಓಡಿಬಂದ ಚಂದ್ರನ ನೆರಳು, ಉತ್ತರ ಕನ್ನಡದ ಅಂಕೋಲ ಕಾರವಾರಗಳ ತೀರದಲ್ಲಿ ಭೂಮಿಯನ್ನು ಮುಟ್ಟಿ, ಹುಬ್ಬಳ್ಳಿ ಗದಗುಗಳ ಮೇಲಿಂದ ರಾಯಚೂರು ಸೀಮೆಯನ್ನು ಹಾದು, ತೆಲುಗು ನಾಡಿನ ಮಾರ್ಗವಾಗಿ ಪುರಿ ಕೊನಾರಕಗಳತ್ತ ಸಾಗಿತು. ವೈನು ಬಾಪ್ಪು ಅವರ ನೇತೃತ್ವದಲ್ಲಿದ್ದ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರದಲ್ಲಿ ದೂರದರ್ಶಕಗಳನ್ನು ಹೂಡಿದ್ದರು. ಮುಂಬಯಿಯು ಆ ನೆರಳಿನ ಪಥದಿಂದ ಉತ್ತರಕ್ಕೆ ದೂರವಿದ್ದುದರಿಂದ ಅಲ್ಲಿಗೆ ದಕ್ಕಿದ್ದು ಖಂಡಗ್ರಾಸ. ಆದರೆ ಸೂರ್ಯಬಿಂಬದ ಬಹುಭಾಗವು ಮರೆಯಾಗತಕ್ಕಷ್ಟು ದೊಡ್ಡ ಖಂಡಗ್ರಾಸ.

ಈ ಪಡುವಣ ಕರಾವಳಿಗೆ ಗ್ರಹಣವನ್ನರಸಿ ಬರುವವರ ಪರಂಪರೆಯೇ ಒಂದಿತ್ತು. ಸೂರ್ಯನ ಬೆಳಕಿನಲ್ಲಿ ಹೀಲಿಯಂ ಎಂಬ ಧಾತುವನ್ನು ಗುರುತಿಸಿದ ನಾರ್ಮನ್ ಲಾಕ್ಯರ್, 1871ರ ಡಿಸೆಂಬರ್ 12ರ ಗ್ರಹಣಕ್ಕೆ ಆಗಿನ ದಕ್ಷಿಣ ಕನ್ನಡ ಜಿಲ್ಲೆಯ, ಈಗಿನ ಕಾಸರಗೋಡಿನ, ಬೇಕಲ ಕೋಟೆಯಲ್ಲಿ ಬಿಡಾರ ಹೂಡಿದ್ದನು. ಕೆಳದಿಯ ಶಿವಪ್ಪನಾಯಕನ ಹೆಸರಿನೊಡನೆ ಬೆಸೆದುಕೊಂಡಿರುವ ಆ ಕೋಟೆಯ ಕೊತ್ತಲಗಳು ತುಪಾಕಿಗಳಿಗೆ ಬದಲಾಗಿ ದೂರದರ್ಶಕಗಳಿಗೆ ಆಸರೆಯಾದುವು. 26 ವರ್ಷಗಳಾದ ಮೇಲೆ, 1898ರ ಜನವರಿ 22ರಂದು, ಅದೇ ಲಾಕ್ಯರನು ಮುಂಬಯಿಗೆ ದಕ್ಷಿಣದಲ್ಲಿ ಕೊಂಕಣದ ವಿಜಯದುರ್ಗದಲ್ಲಿ ಕಾಣಿಸಿಕೊಂಡನು. ಪುಣೆಯ ವೇಧಶಾಲೆಯ ಅಧ್ಯಕ್ಷರಾದ ಪಾರಸಿ ವಿದ್ವಾಂಸ ಕಾವಸ್ಜಿ ದಾದಾಭಾಯಿ ನೇಗಮ್‌ವಾಲಾ ಅವರು ಸೊಲ್ಲಾಪುರ ಜಿಲ್ಲೆಯ ಜೇವೂರಿನಲ್ಲಿ ನೆಲೆ ಹೂಡಿದರು. ಅಮೆರಿಕದ ಲಿಕ್ ವೇಧಶಾಲೆಯವರೂ ಅಲ್ಲಿಗೇ ಬಂದರು. 1896ರಿಂದ ಪ್ಲೇಗು ಮುಂಬಯಿಯ ಚಾಳು ಚಾಳುಗಳನ್ನು ಬರಿದುಮಾಡುತ್ತಿದ್ದ ಕಾಲವದು; ಜನ ಊರು ಬಿಟ್ಟು ಓಡುತ್ತಿದ್ದ ರೈಲುಗಳಲ್ಲಿಯೇ ಗ್ರಹಣದ ಯಂತ್ರಸಾಮಗ್ರಿಯೂ ಸಾಗಬೇಕಾಗಿತ್ತು.

ವಿದ್ವಾಂಸರ ಗ್ರಹಣ ಹೀಗಿರಲು, ಜನಸಾಮಾನ್ಯರ ಗ್ರಹಣ ಬೇರೆಯೇ ಆಗಿದ್ದಿತು. ಮುಂಬಯಿಯಲ್ಲಿ ಗ್ರಹಣವೆಂದರೆ ವಾಲಕೇಶ್ವರದ ಬಾಣಗಂಗೆಯ ಮೆಟ್ಟಿಲುಗಳಲ್ಲಿಯೂ ಸಮುದ್ರತೀರದಲ್ಲಿಯೂ ಸ್ನಾನ. ‘ದೇ ದಾನ್, ಸುಟೇ ಗಿರಾಣ್’—ದಾನ ಕೊಡಿ, ಗ್ರಹಣ ಬಿಡಲಿ—ಎಂದು ಬೀದಿಬೀದಿಯಲ್ಲಿ ಯಾಚಕರ ಕೂಗು. ಮಾಟುಂಗ, ಕೋಟೆ, ಗಿರಗಾಂವುಗಳಲ್ಲಿ ನೆಲಸಿದ ನಮ್ಮವರ ಮನೆಗಳಿಗೆ ಊರಿನ ಆಚಾರವೂ ಜೊತೆಯಲ್ಲಿಯೇ ಬಂದಿತ್ತು: ವೇಧಕಾಲಕ್ಕೆ ಮುಂಚೆ ಊಟ, ಉಪ್ಪಿನಕಾಯಿಯ ಜಾಡಿಗೂ ನೀರಿನ ಕೊಡಕ್ಕೂ ಹಾಲಿನ ಪಾತ್ರೆಗೂ ಒಂದೊಂದು ದರ್ಭೆ, ಬಸುರಿಯರು ಕತ್ತಲೆಯ ಕೋಣೆಯಲ್ಲಿ, ನೀರು ತುಂಬಿದ ತಟ್ಟೆಯಲ್ಲಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿ, ಅದು ಬಿದ್ದರೆ ಗ್ರಹಣ ಬಿಟ್ಟಿತೆಂದು ತಿಳಿಯುವ ಕೌತುಕ, ಸಗಣಿ ಕದಡಿದ ನೀರಿನಲ್ಲಿ ಸೂರ್ಯನ ಪ್ರತಿಬಿಂಬದ ದರ್ಶನ. ಈ ಕೊನೆಯ ಆಚಾರದಲ್ಲಿ ನೋಡುವ ಆಸೆ, ಕಣ್ಣಿನ ಮೇಲಣ ಕಾಳಜಿ ಎರಡೂ ಇದ್ದುವೆಂಬುದನ್ನು ಗಮನಿಸಬೇಕು. ಹಳೆಯ ಗ್ರಹಣಾಚಾರವು ಬರಿಯ ಭಯದ್ದಾಗಿರಲಿಲ್ಲ. ಜನರನ್ನು ನೀರಿನ ಬಳಿಗೂ ಬೀದಿಗೂ ಕರೆತಂದು ಒಂದುಗೂಡಿಸುವ ಶಕ್ತಿಯೂ ಅದಕ್ಕೆ ಇದ್ದಿತು.

1980ರ ಹೊತ್ತಿಗೆ ಈ ಸಮತೋಲ ತಪ್ಪಿತು. ಅಂದು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಲಿಯ ಸುವರ್ಣ ಮಹೋತ್ಸವದ ನಿಮಿತ್ತ ಭಾರತಕ್ಕೂ ಇಂಗ್ಲೆಂಡಿಗೂ ವಾಂಖೆಡೆಯಲ್ಲಿ ಒಂದೇ ಒಂದು ಟೆಸ್ಟ್ ಪಂದ್ಯ ಏರ್ಪಾಡಾಗಿತ್ತು. ಭಾರತದ ನಾಯಕ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್. ತಂಡದಲ್ಲಿ ಕರ್ನಾಟಕದವರೇ ಆದ ಕಿರ್ಮಾನಿ ಮತ್ತು ಬಿನ್ನಿ. ಎದುರು ಪಕ್ಷದ ನಾಯಕ ಮೈಕ್ ಬ್ರಿಯರ್ಲಿ. ಆಗಿನ ಟೆಸ್ಟ್ ಪಂದ್ಯಗಳಲ್ಲಿ ನಡುವೆ ಒಂದು ವಿಶ್ರಾಂತಿಯ ದಿನವಿರುವುದು ವಾಡಿಕೆ. ಎರಡು ಮೂರು ದಿನ ಆಡಿ ದಣಿದ ಮೇಲೆ ಅದು ಬರುವುದು ನ್ಯಾಯ. ಈ ಪಂದ್ಯದಲ್ಲಿ ಶುಕ್ರವಾರ, 15ರಂದು, ಒಂದು ದಿನ ಆಡಿದೊಡನೆಯೇ ಮರುದಿನ ವಿಶ್ರಾಂತಿ ವಿಧಿಸಲಾಯಿತು. ಕಾರಣ ಗ್ರಹಣ. ಸಾವಿರಾರು ಪ್ರೇಕ್ಷಕರು ಬಿಸಿಲಿನ ಬಯಲಲ್ಲಿ ಕುಳಿತಿರುವಾಗ ಬರಿಗಣ್ಣಿನಿಂದ ಸೂರ್ಯನನ್ನು ನೋಡಿ ದೃಷ್ಟಿ ಕಳೆದುಕೊಂಡಾರೆಂಬ ಅಂಜಿಕೆಯಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಮಳೆಗೆ ನಿಂತ ಆಟಗಳು ಅಸಂಖ್ಯಾತ; ಬಾಂಗ್ಲಾದೇಶದ ಢಾಕಾದಲ್ಲಿ 2008ರ ಡಿಸೆಂಬರಿನಲ್ಲಿ ಮಹಾಚುನಾವಣೆಗಾಗಿ ಟೆಸ್ಟೊಂದು ಒಂದು ದಿನ ಬಿಡುವು ಮಾಡಿಕೊಂಡಿತು; ಸೂರ್ಯಚಂದ್ರರ ಕೂಟಕ್ಕಾಗಿ ಬಯಲು ಬಿಟ್ಟುಕೊಟ್ಟ ಕೀರ್ತಿ ಮುಂಬಯಿಯದು.

ಆ ಶನಿವಾರದ ಇಳಿಹಗಲು ಎಂದೂ ನಿದ್ರಿಸದ ನಗರಕ್ಕೆ ನಿದ್ರೆ ಬಂದಂತಿತ್ತೆಂದು ಅಂದು ಬದುಕಿದ್ದವರು ಹೇಳುವರು. ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡು ಜನ ಒಳಗೆ ಕುಳಿತರು, ರಸ್ತೆಗಳು ನಿರ್ಜನವಾದುವು, ಮಕ್ಕಳು ಹೊರಗೆ ಹೋಗದಂತೆ ದೂರದರ್ಶನದವರು ಚಲನಚಿತ್ರವೊಂದನ್ನು ತೋರಿಸಿದರು. ಹಿಂದಿನವರು ಸ್ನಾನಕ್ಕಾದರೂ ಹೊರಗೆ ಬರುತ್ತಿದ್ದರು. ಈಗ ಪುರಾಣದ ರಾಹುವಿನ ಭಯಕ್ಕೆ ಆಧುನಿಕ ವೈದ್ಯದ ಎಚ್ಚರಿಕೆಯು ಜೊತೆಗೂಡಿ, ಎರಡೂ ಒಂದನ್ನೊಂದು ಪೋಷಿಸಿ, ಜನರನ್ನು ಮನೆಯೊಳಗೆ ಕೂಡಿಹಾಕಿದುವು. ಸೂರ್ಯನನ್ನು ದಿಟ್ಟಿಸಬೇಡಿರೆಂಬ ಯುಕ್ತವಾದ ಮಾತು, ಹೊರಗೇ ಕಾಲಿಡಬೇಡಿರೆಂಬ ಅಯುಕ್ತವಾದ ಮಾತಾಗಿ ಹಬ್ಬಿತು.

ಒಳಗೆ ಕುಳಿತವರು ಕಳೆದುಕೊಂಡುದೇನು? ದೊಡ್ಡ ಖಂಡಗ್ರಾಸದಲ್ಲಿ ಆಗುವುದು ಸಂಜೆಗತ್ತಲೆಯಲ್ಲ. ಸಂಜೆಯ ಬೆಳಕು ಕೆಂಪಾಗುತ್ತದೆ, ನೆರಳು ನೀಳವಾಗುತ್ತದೆ. ಗ್ರಹಣದಲ್ಲಿ ಸೂರ್ಯನು ಮೇಲೆಯೇ ಇದ್ದು, ಬೆಳಕು ಮಾತ್ರ ಬಸಿದುಹೋಗಿ, ಬಿಸಿಲಿಗೆ ಬೂದಿ ಬಳಿದಂತೆ, ತವರದ ಬಣ್ಣ ಬರುತ್ತದೆ. ಬೆಳಗುವ ಬಿಂಬವು ಕಿರಿದಾದುದರಿಂದ ನೆರಳಿನ ಅಂಚುಗಳು ಹರಿತವಾಗಿ, ನೆಲದ ಮೇಲೆ ತಲೆಗೂದಲಿನ ಎಳೆಯೂ ಎಣಿಸುವಂತಾಗುತ್ತದೆ. ಮರದ ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಬಿಲ್ಲೆಗಳು, ಪ್ರತಿಯೊಂದು ಸಂದಿಯೂ ಒಂದು ಸೂಜಿರಂಧ್ರವಾಗಿ, ನೆಲದ ತುಂಬ ಸಾವಿರಾರು ಬಾಲಚಂದ್ರರನ್ನು ಚೆಲ್ಲುತ್ತವೆ. ಓವಲ್ ಮೈದಾನದ ಸಾಲುಮರಗಳ ಕೆಳಗೆ ತಲೆ ಬಗ್ಗಿಸಿ ನಡೆದವನು, ಸೂರ್ಯನತ್ತ ಒಮ್ಮೆಯೂ ಕಣ್ಣೆತ್ತದೆ, ಯಾವ ಅಪಾಯವೂ ಇಲ್ಲದೆ, ಗ್ರಹಣವನ್ನೆಲ್ಲ ಕಾಲ ಬಳಿಯಲ್ಲಿಯೇ ನೋಡಬಹುದಾಗಿತ್ತು.

ಭಾನುವಾರ ಆಟ ಮತ್ತೆ ಮೊದಲಾಯಿತು. ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58 ಓಟಗಳಿಗೆ ಐವರನ್ನು ಕಳೆದುಕೊಂಡಿತು. ಅಲ್ಲಿಂದ ಬಾಥಮ್ ಮತ್ತು ವಿಕೆಟ್‌ಕೀಪರ್ ಬಾಬ್ ಟೇಲರ್ ಜೊತೆಗೂಡಿ 171 ಸೇರಿಸಿದರು. ಆ ಜೊತೆಯಾಟದ ನಡುವೆ ಟೇಲರನು ಕ್ಯಾಚ್ ಕೊಟ್ಟನೆಂದು ಅಂಪೈರು ಬೆರಳೆತ್ತಿದಾಗ, ಚೆಂಡು ಬ್ಯಾಟಿಗೆ ತಗಲಲಿಲ್ಲವೆಂದು ಮನಗಂಡ ವಿಶ್ವನಾಥ್, ಹೊರಟುನಿಂತವನನ್ನು ತಾವಾಗಿ ಹಿಂದಕ್ಕೆ ಕರೆಸಿದರು. ಬಾಥಮ್ 114 ಹೊಡೆದು, ಎರಡು ಸರದಿಗಳಲ್ಲಿ 13 ವಿಕೆಟ್ ಕಿತ್ತನು. ಟೇಲರ್ ಹತ್ತು ಕ್ಯಾಚು ಹಿಡಿದನು. 19ರಂದೇ ಇಂಗ್ಲೆಂಡ್ ಹತ್ತು ವಿಕೆಟ್ಟುಗಳಿಂದ ಗೆದ್ದಿತು. ವಿಶ್ವನಾಥರು ಭಾರತದ ನಾಯಕರಾಗಿ ಆಡಿದ್ದು ಎರಡೇ ಟೆಸ್ಟು; ಎರಡನೆಯದೂ ಕೊನೆಯದೂ ಇದೇ. ಅವರು ಸೋತರು, ಆದರೆ ಆ ಪಂದ್ಯವನ್ನು ನೆನೆದವರು ಗೆದ್ದವರ ಲೆಕ್ಕದೊಡನೆ ಸೋತವರ ಸೌಜನ್ಯವನ್ನೂ ಮರೆಯದೆ ಹೇಳುತ್ತಾರೆ. ಬಯಲಿನಲ್ಲಿದ್ದ ಸಾವಿರಾರು ಜನ ಒಟ್ಟಿಗೆ ಕಂಡುದರಿಂದಲೇ ಆ ಒಂದು ಕ್ಷಣ ಉಳಿಯಿತು. ಹಿಂದಿನ ದಿನದ ಗ್ರಹಣವಾದರೋ, ಕಂಡವರು ಚದುರಿದ ಕೆಲವರಾದುದರಿಂದ, ಪಂದ್ಯದ ವರದಿಗಳಲ್ಲಿ ಒಂದು ವಾಕ್ಯವಾಗಿ ಮಾತ್ರ ಉಳಿಯಿತು.

ಕಾಲ ಅಲ್ಲಿಯೇ ನಿಲ್ಲಲಿಲ್ಲವೆಂಬುದು ಸಂತೋಷದ ಮಾತು. 1995ರ ಅಕ್ಟೋಬರ್ 24ರಂದು ಉತ್ತರ ಭಾರತದಲ್ಲಿ ಖಗ್ರಾಸವಾದಾಗ ಜನ ಹೊರಗೆ ಬಂದು ನೋಡಿದರು. 2019ರ ಡಿಸೆಂಬರ್ 26ರ ಬೆಳಗ್ಗೆ ಕಂಕಣ ಗ್ರಹಣದ ಪಥವು ಕಾಸರಗೋಡು ಜಿಲ್ಲೆಯನ್ನೂ ಕೊಡಗಿನ ಕುಟ್ಟವನ್ನೂ ಹಾದುಹೋದಾಗ, ಲಾಕ್ಯರನು ಬಿಡಾರ ಹೂಡಿದ್ದ ಬೇಕಲದಿಂದ ಬಹುದೂರವಲ್ಲದ ಚೆರುವತ್ತೂರಿನಲ್ಲಿ, ಹಿರಿಯರು ಕಿರಿಯರೆನ್ನದೆ ಊರವರು ಒಂದೆಡೆ ಕೂಡಿ, ಶೋಧಕ ಕನ್ನಡಕಗಳನ್ನು ಒಬ್ಬರಿಂದೊಬ್ಬರು ಪಡೆದುಕೊಂಡು, ಉರಿಯ ಬಳೆಯನ್ನು ಕಂಡರು. ಹಿಂದೆ ಬಾಣಗಂಗೆಯ ಮೆಟ್ಟಿಲುಗಳ ಮೇಲೆ ಕೂಡುತ್ತಿದ್ದ ಜನಸ್ತೋಮವು ಬೇರೆಯ ಉಡುಪಿನಲ್ಲಿ ಮರಳಿ ಬಂದಂತಾಯಿತು.

1980ರಲ್ಲಿ ಮುಂಬಯಿ ಮಾಡಿದ್ದು ಅಪರಾಧವೇನಲ್ಲ. ಒಂದು ದಿನದ ಆಟವನ್ನು ಜನರ ಕಣ್ಣಿಗಾಗಿ ತ್ಯಾಗ ಮಾಡಿದುದು ಸಾಧುವೇ. ಬಯಲನ್ನು ಬರಿದುಮಾಡುವುದರ ಬದಲು, ತಲೆ ಬಗ್ಗಿಸಿ ನೆಲದ ಮೇಲಣ ಗ್ರಹಣವನ್ನು ನೋಡುವ ಬಗೆಯನ್ನು ಜನರಿಗೆ ಕಲಿಸಿಕೊಡಬಹುದಾಗಿತ್ತೆಂಬುದಷ್ಟೆ ಈ ಬರೆಹಗಾರನ ಕೊರಗು. 2031ರ ಮೇ 21ರಂದು ಕೇರಳ ತಮಿಳುನಾಡುಗಳ ಮೇಲೆ ಮತ್ತೊಂದು ಕಂಕಣ ಗ್ರಹಣವಾಗಲಿದೆ. ಮುಂಬಯಿಗೆ ಆಗಲೂ ಖಂಡಗ್ರಾಸವೇ. ಅಂದು ಓವಲ್ಲಿನಲ್ಲಿಯೋ ಕೂಪರೇಜಿನಲ್ಲಿಯೋ ಆಡುವ ಹುಡುಗರನ್ನು, ವಾಚಕರೇ, ಮನೆಗೆ ಕರೆಯಬೇಡಿ. ಆಟವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಹತ್ತಿರದ ಮರದ ನೆರಳಿಗೆ ಕರೆದುಕೊಂಡು ಹೋಗಿ.