ಕಡಲನ್ನು ಮೊದಲು ಸೀಳಿದವರು ಯಾರು?

1875ರ ಮಾರ್ಚ್ 4ರಂದು ಲಂಡನ್ನಿನ ‘ಡೇಲಿ ಟೆಲಿಗ್ರಾಫ್’ ಪತ್ರಿಕೆಯಲ್ಲಿ ಜಾರ್ಜ್ ಸ್ಮಿತ್ ಬರೆದ ಪತ್ರವೊಂದು ಅಚ್ಚಾಯಿತು. ಬ್ರಿಟಿಷ್ ಮ್ಯೂಸಿಯಮ್ಮಿನ ಜೇಡಿಮಣ್ಣಿನ ಚೂರುಗಳ ನಡುವೆ ಪ್ರಾಚೀನ ಬ್ಯಾಬಿಲೋನಿಯದ ಸೃಷ್ಟಿಕಥೆ ಸಿಕ್ಕಿದೆ, ಬೈಬಲ್ಲಿನ ಆದಿಕಾಂಡಕ್ಕೂ ಅದಕ್ಕೂ ಹತ್ತಿರದ ನಂಟಿದೆ ಎಂಬುದು ಪತ್ರದ ತಿರುಳು. ಸ್ಮಿತ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ನೋಟು ಅಚ್ಚುಹಾಕುವ ತಗಡಿನ ಮೇಲೆ ಗೆರೆ ಕೊರೆಯುವ ಕಸುಬು ಕಲಿತು, ಬಿಡುವು ಸಿಕ್ಕಾಗಲೆಲ್ಲ ಮ್ಯೂಸಿಯಮ್ಮಿಗೆ ಓಡಿ, ಬೆಣೆಲಿಪಿಯನ್ನು ತಾವಾಗಿಯೇ ಓದಲು ಕಲಿತವರು. 1872ರ ಡಿಸೆಂಬರ್ 3ರಂದು ಪ್ರಧಾನಿ ಗ್ಲಾಡ್‌ಸ್ಟನ್ ಕೂತಿದ್ದ ಸಭೆಯಲ್ಲಿ ಪ್ರಳಯದ ಫಲಕವನ್ನು ಓದಿ ಹೇಳಿ ಅವರು ಆಗಲೇ ಹೆಸರಾಗಿದ್ದರು. ಜಲಪ್ರಳಯದ ನಂತರ ಈಗ ಸೃಷ್ಟಿಯ ಸರದಿ.

ಆ ಚೂರುಗಳೆಲ್ಲ ಬಂದದ್ದು ಇರಾಕಿನ ಮೋಸುಲ್ ಪಕ್ಕದ ಕುಯುಂಜಿಕ್ ದಿಬ್ಬದಿಂದ. ಅಸ್ಸೀರಿಯದ ರಾಜಧಾನಿ ನಿನೆವೆ ಇದ್ದದ್ದು ಅಲ್ಲಿ. 1850ರ ಆಸುಪಾಸಿನಲ್ಲಿ ಆಸ್ಟಿನ್ ಲೇಯರ್ಡ್ ಮತ್ತು ಮೋಸುಲಿನವರೇ ಆದ ಹೊರ್ಮುಜ್ದ್ ರಸ್ಸಾಮ್ ಅಗೆಸಿದಾಗ ಅರಸ ಅಶುರ್‌ಬನಿಪಾಲನ ಗ್ರಂಥಭಂಡಾರ ಹೊರಬಿತ್ತು. ಕ್ರಿ.ಪೂ. 612ರಲ್ಲಿ ಊರು ಸುಟ್ಟಾಗ ಉಳಿದದ್ದೆಲ್ಲ ಬೂದಿಯಾಯಿತು, ಜೇಡಿಮಣ್ಣು ಮಾತ್ರ ಬೆಂದು ಗಟ್ಟಿಯಾಯಿತು. ಇಂದಿಗೂ ಅಲ್ಲಿನ ಬಹುಪಾಲು ಫಲಕಗಳ ಕ್ರಮಸಂಖ್ಯೆ ‘ಕೆ’ ಎಂಬ ಅಕ್ಷರದಿಂದ ಶುರುವಾಗುತ್ತದೆ. ಸೃಷ್ಟಿಕಾವ್ಯದ ಮೊದಲ ಸಾಲುಗಳಿರುವ ಚೂರು ಕೆ. 5419ಸಿ.

ಏಳು ಫಲಕಗಳ ಆ ಕಾವ್ಯವನ್ನು ‘ಎನುಮಾ ಎಲಿಶ್’ ಎನ್ನುತ್ತಾರೆ. ಮೊದಲಿಗೆ ಇರುವುದು ನೀರೊಂದೇ: ಸಿಹಿನೀರಿನ ಅಪ್ಸು, ಕಡಲ ನೀರಿನ ತಿಯಾಮತ್. ಎರಡೂ ಬೆರೆತು ದೇವತೆಗಳು ಹುಟ್ಟುತ್ತಾರೆ. ಮಕ್ಕಳು ಮೊಮ್ಮಕ್ಕಳ ಗದ್ದಲ ತಾಳಲಾರದೆ ಅಪ್ಸು ಅವರನ್ನು ಮುಗಿಸಹೊರಟು ತಾನೇ ಸಾಯುತ್ತಾನೆ. ಸೇಡಿಗೆ ನಿಂತ ತಿಯಾಮತ್ ಘೋರ ಸರ್ಪಗಳನ್ನು ಹೆತ್ತು, ಕಿಂಗು ಎಂಬವನಿಗೆ ಸೇನಾಪತ್ಯ ಕೊಡುತ್ತಾಳೆ. ಹಿರಿಯ ದೇವರೆಲ್ಲ ಹಿಂಜರಿದಾಗ ಬ್ಯಾಬಿಲೋನಿನ ಮಾರ್ದುಕ್ ಮುಂದೆ ಬಂದು, ಗೆದ್ದರೆ ತನ್ನನ್ನೇ ಅರಸನೆಂದು ಒಪ್ಪಬೇಕೆಂಬ ಷರತ್ತು ಹಾಕುತ್ತಾನೆ. ದೇವರೂ ಕುರುಡಾಗಿ ಒಪ್ಪುವವರಲ್ಲ, ಮೊದಲು ಪರೀಕ್ಷೆ. ಅವನು ಬಾಯಿಮಾತಿನಿಂದಲೇ ಒಂದು ನಕ್ಷತ್ರಪುಂಜವನ್ನು ಅಳಿಸಿ, ಬಾಯಿಮಾತಿನಿಂದಲೇ ಮತ್ತೆ ಮೂಡಿಸಿ ತೋರಿಸುತ್ತಾನೆ. ಆಮೇಲೆ ಬಲೆ, ಬಿರುಗಾಳಿ, ಬಾಣ. ಸತ್ತ ತಿಯಾಮತ್‌ಳನ್ನು ಒಣಮೀನು ಸೀಳಿದಂತೆ ಎರಡು ಹೋಳು ಮಾಡಿ, ಒಂದನ್ನು ಆಕಾಶವಾಗಿ ಮೇಲೆ ಹೊದಿಸಿ, ನೀರು ಕೆಳಗಿಳಿಯದಂತೆ ಕಾವಲಿಡುತ್ತಾನೆ. ನಕ್ಷತ್ರಗಳೂ ಚಂದ್ರನೂ ಅವರವರ ಜಾಗಕ್ಕೆ ಸೇರುತ್ತಾರೆ. ಕಿಂಗುವಿನ ರಕ್ತದಿಂದ ಮನುಷ್ಯ ಹುಟ್ಟುತ್ತಾನೆ, ದೇವರ ಚಾಕರಿ ಅವನ ಪಾಲಿಗೆ ಬರುತ್ತದೆ. ಕೊನೆಗೆ ಬ್ಯಾಬಿಲೋನಿನ ದೇಗುಲ ಏಳುತ್ತದೆ, ಮಾರ್ದುಕನ 50 ಹೆಸರುಗಳ ಸ್ತುತಿ ನಡೆಯುತ್ತದೆ. ಹೊಸ ವರ್ಷದ ಅಕಿತು ಹಬ್ಬದ ನಾಲ್ಕನೆಯ ದಿನ ಸಂಜೆ ಮಾರ್ದುಕನ ಮೂರ್ತಿಯ ಮುಂದೆ ಇದರ ಪಾರಾಯಣವಾಗುತ್ತಿತ್ತು.

ಇದನ್ನು ಪಕ್ಕಕ್ಕಿಟ್ಟುಕೊಂಡು ಆದಿಕಾಂಡದ ಮೊದಲ ಅಧ್ಯಾಯ ಓದಿದರೆ ಯಾರಿಗಾದರೂ ಕುತೂಹಲ ಕೆರಳುತ್ತದೆ. ಕತ್ತಲು ಕವಿದ ಆದಿಜಲ, ಆ ನೀರನ್ನು ಮೇಲೆ ಕೆಳಗೆ ಬೇರೆಮಾಡುವ ಆಕಾಶ, ಒಣನೆಲ, ಗ್ರಹ ನಕ್ಷತ್ರ, ಕೊನೆಗೆ ಮನುಷ್ಯ, ಆಮೇಲೆ ವಿಶ್ರಾಂತಿ. ಎರಡು ಕಾಲಂ ಹಾಕಿ ಪಟ್ಟಿ ಬರೆದವರು ಬಹಳ. ಇಂಥ ಪಟ್ಟಿಗಳ ಮೇಲೆ ನನಗೆ ಮೊದಲಿನಿಂದಲೂ ಅಷ್ಟು ನಂಬಿಕೆಯಿಲ್ಲ. ಹೋಲುವುದೆಲ್ಲ ಅದರಲ್ಲಿ ಸೇರುತ್ತದೆ, ಹೋಲದ್ದು ಹೊರಗುಳಿಯುತ್ತದೆ. ಇಂದ್ರ ವೃತ್ರನನ್ನು ಕೊಂದು ನೀರು ಬಿಡಿಸಿದ್ದನ್ನೂ ನಾಸದೀಯ ಸೂಕ್ತದ ಆದಿಜಲವನ್ನೂ ನಮ್ಮವರು ಇದೇ ಪಟ್ಟಿಗೆ ಸುಲಭವಾಗಿ ಸೇರಿಸಿಬಿಡಬಹುದು. ಸಾಮ್ಯದಿಂದ ಸಂಬಂಧ ಸಿದ್ಧವಾಗುವುದಿಲ್ಲ. ಯಾವ ದಾಖಲೆ ಎಷ್ಟು ಹಳೆಯದು, ಯಾವ ದಾರಿಯಲ್ಲಿ ಯಾರ ಕೈಗೆ ತಲುಪಿರಬಹುದು ಎಂಬುದನ್ನು ನೋಡಬೇಕು.

ಸ್ಮಿತ್ ಅವರೇ ಜಾರಿದ ಒಂದು ಕಡೆ ಇದಕ್ಕೆ ಒಳ್ಳೆಯ ಸಾಕ್ಷಿ. ಮ್ಯೂಸಿಯಮ್ಮಿನಲ್ಲಿ ಉರುಳೆಯಾಕಾರದ ಪುಟ್ಟ ಮುದ್ರೆಯೊಂದಿದೆ. ಅದರ ಮೇಲೆ ಒಂದು ಮರ, ಆಚೀಚೆ ಕೂತ ಇಬ್ಬರು, ಹಿಂದೆ ಹಾವು. ಆದಾಮ, ಹವ್ವ, ನಿಷೇಧದ ಹಣ್ಣು ಎಂದೇ ಸ್ಮಿತ್ 1876ರ ತಮ್ಮ ‘ದಿ ಕಾಲ್ಡಿಯನ್ ಅಕೌಂಟ್ ಆಫ್ ಜೆನೆಸಿಸ್’ ಪುಸ್ತಕದಲ್ಲಿ ಅದರ ಚಿತ್ರ ಕೊಟ್ಟರು. ಆದರೆ ಅದರಲ್ಲಿ ಒಬ್ಬನ ತಲೆಯ ಮೇಲೆ ಕೊಂಬಿನ ಕಿರೀಟವಿದೆ, ಮೆಸೊಪೊಟೇಮಿಯದ ಶಿಲ್ಪದಲ್ಲಿ ಅದು ದೇವರ ಗುರುತು. ಕ್ರಿ.ಪೂ. 2200ರ ಹೊತ್ತಿನ ಆ ಮುದ್ರೆಯಲ್ಲಿರುವುದು ಒಬ್ಬ ದೇವತೆ, ಎದುರಿಗೆ ಒಬ್ಬ ಭಕ್ತೆ, ನಡುವೆ ಖರ್ಜೂರದ ಮರ. ಅಂಥ ದೃಶ್ಯಗಳು ಆ ಕಾಲದ ಮುದ್ರೆಗಳಲ್ಲಿ ಸಾಮಾನ್ಯ.

ಸಾಮ್ಯಗಳನ್ನು ಬಂಡವಾಳ ಮಾಡಿಕೊಂಡವರೂ ಇದ್ದರು. 1902ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ಎದುರು ಫ್ರೀಡ್ರಿಶ್ ಡೆಲಿಟ್ಶ್ ‘ಬಾಬೆಲ್ ಮತ್ತು ಬೈಬಲ್’ ಎಂಬ ಉಪನ್ಯಾಸ ಕೊಟ್ಟರು. ಬೈಬಲ್ಲಿನ ಬಹುಪಾಲಿಗೆ ಬೇರು ಬ್ಯಾಬಿಲೋನಿನಲ್ಲಿದೆ ಎಂಬ ವಾದಕ್ಕೆ ಪಾದ್ರಿಗಳು, ರಬ್ಬಿಗಳು, ಪ್ರಾಧ್ಯಾಪಕರು ಎಲ್ಲ ಪ್ರತ್ಯುತ್ತರ ಬರೆದರು, ಕರಪತ್ರಗಳ ಸುರಿಮಳೆಯಾಯಿತು. ಡೆಲಿಟ್ಶ್ ಒಳ್ಳೆಯ ಭಾಷಾವಿದ್ವಾಂಸರೇ. ಆದರೆ 1920ರ ಸುಮಾರಿಗೆ ಅವರು ಬರೆದ ‘ಮಹಾವಂಚನೆ’ ಎಂಬ ಪುಸ್ತಕದಲ್ಲಿ ಹಳೆಯ ಒಡಂಬಡಿಕೆಯನ್ನೇ ತಳ್ಳಿಹಾಕುವ ಯೆಹೂದಿ ದ್ವೇಷ ಬಿಚ್ಚಿಕೊಂಡಿತು. ‘ಕದ್ದ ಕಥೆ’ ಎಂಬ ಮಾತು ಎಲ್ಲೆಲ್ಲಿ ಜೋರಾಗಿ ಕೇಳುತ್ತದೋ ಅಲ್ಲಿ ಹೇಳುವವರ ಉದ್ದೇಶವನ್ನೂ ಒಂದಿಷ್ಟು ವಿಚಾರಿಸುವುದು ಒಳ್ಳೆಯದು.

ಅದಕ್ಕೂ ಮೊದಲು, 1895ರಲ್ಲೇ, ಬೈಬಲ್ ವಿದ್ವಾಂಸ ಹೆರ್ಮನ್ ಗುಂಕೆಲ್ ಹೆಚ್ಚು ಫಲ ಕೊಡುವ ದಾರಿ ಹಿಡಿದಿದ್ದರು. ಆದಿಕಾಂಡವನ್ನು ನೇರ ಫಲಕಗಳ ಎದುರಿಡದೆ ಅವರು ಮೊದಲು ಬೈಬಲ್ಲಿನ ಒಳಗೇ ಹುಡುಕಿದರು. ಅಲ್ಲಿ ಕಾಳಗವಿತ್ತು. ಕೀರ್ತನೆ 74ರಲ್ಲಿ ದೇವರು ಕಡಲನ್ನು ಸೀಳಿ, ನೀರಿನ ಘಟಸರ್ಪಗಳ ತಲೆ ಒಡೆದು, ಲೆವಿಯಾತಾನನ ತಲೆಗಳನ್ನು ಜಜ್ಜುತ್ತಾನೆ. ಆಮೇಲೆ ಹಗಲಿರುಳು, ಸೂರ್ಯ, ನೆಲದ ಎಲ್ಲೆಗಳನ್ನು ನಿಲ್ಲಿಸುತ್ತಾನೆ. ಯೆಶಾಯನಲ್ಲಿ, ಯೋಬನಲ್ಲಿ ರಾಹಾಬ್ ಎಂಬ ಇನ್ನೊಂದು ಜಲಜಂತು ತುಂಡಾಗುತ್ತದೆ. ಸೃಷ್ಟಿಗೆ ಮುಂಚೆ ಕಡಲಿನ ಜೊತೆ ಯುದ್ಧವಾಯಿತು ಎಂಬ ಕಥೆ ಇಸ್ರಾಯೇಲರಿಗೆ ಗೊತ್ತಿತ್ತು. ಆದಿಕಾಂಡದ ಆದಿಜಲಕ್ಕಿರುವ ಹೀಬ್ರೂ ಹೆಸರು ‘ತೆಹೋಮ್’ ತಿಯಾಮತ್‌ಳ ಹೆಸರೇ ಎಂದೂ ಗುಂಕೆಲ್ ಭಾವಿಸಿದರು. ಇಂದಿನ ಭಾಷಾವಿದ್ವಾಂಸರು ಹೆಚ್ಚಿನವರು ಅವೆರಡನ್ನು ಒಂದೇ ಸೆಮಿಟಿಕ್ ಬೇರಿನ ಎರಡು ಕವಲು ಎನ್ನುತ್ತಾರೆ, ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಕಾಳಗದ ಕಥೆ ಬ್ಯಾಬಿಲೋನಿನಿಂದ ಬಂತೆಂಬ ಗುಂಕೆಲ್ ಅವರ ತೀರ್ಮಾನವೂ ನಿಲ್ಲಲಿಲ್ಲ. ಅದಕ್ಕೆ ಕಾರಣ ಸಿರಿಯದ ಕರಾವಳಿಯ ಒಂದು ಗದ್ದೆ.

1928ರಲ್ಲಿ ಅಲ್ಲಿನ ರೈತನೊಬ್ಬನ ನೇಗಿಲು ಹಳೆಯ ಗೋರಿಯ ಕಲ್ಲಿಗೆ ತಾಗಿತು. ಮರುವರ್ಷ ಕ್ಲೋಡ್ ಶಾಫರ್ ನೇತೃತ್ವದ ಫ್ರೆಂಚ್ ತಂಡ ಹತ್ತಿರದ ರಾಸ್ ಶಮ್ರಾ ದಿಬ್ಬವನ್ನು ಅಗೆದಾಗ ಉಗಾರಿತ್ ಪಟ್ಟಣ ಸಿಕ್ಕಿತು. ಬೆಣೆಯಾಕಾರದ್ದೇ ಆದರೂ ಮೂವತ್ತೇ ಅಕ್ಷರಗಳ ಹೊಸ ಲಿಪಿ. ಅದನ್ನು ಒಂದೇ ವರ್ಷದೊಳಗೆ ಬಿಡಿಸಿದರು. ಅದರೊಳಗೆ ಬಾಳ್ ದೇವರ ಕಥೆ ಇತ್ತು. ಬಾಳ್ ಯಮ್ ಎಂಬ ಕಡಲ ದೇವನನ್ನು ದೊಣ್ಣೆಯಿಂದ ಕೆಡವುತ್ತಾನೆ. ಅವನು ಕೊಂದ ಏಳು ತಲೆಯ ನುಲಿಸರ್ಪದ ಹೆಸರು ಲಿತಾನ್. ಯೆಶಾಯ 27ರಲ್ಲಿ ಲೆವಿಯಾತಾನನಿಗೆ ಇರುವ ವಿಶೇಷಣಗಳೂ ಉಗಾರಿತಿನ ವಿಶೇಷಣಗಳೂ ಬಹುತೇಕ ಒಂದೇ. ಉಗಾರಿತ್ ಹಾಳಾದದ್ದು ಕ್ರಿ.ಪೂ. 1185ರ ಸುಮಾರಿಗೆ. ಅಂದರೆ ಪ್ರವಾದಿ ಯೆಶಾಯನ ಸಾಲಿಗಿಂತ ನಾಲ್ಕಾರು ಶತಮಾನ ಮೊದಲೇ ಕಾನಾನಿನ ಪಕ್ಕದ ಕರಾವಳಿಯಲ್ಲಿ ಈ ಮಾತುಗಳು ಓಡಾಡುತ್ತಿದ್ದವು.

ಇನ್ನೂ ಹಳೆಯ ಸುಳಿವು ಯೂಫ್ರಟಿಸ್ ದಂಡೆಯ ಮಾರಿ ಪಟ್ಟಣದಿಂದ ಬಂತು. ಕ್ರಿ.ಪೂ. 18ನೆಯ ಶತಮಾನದ ಅಲ್ಲಿನ ಅರಸ ಜಿಮ್ರಿಲಿಮ್‌ಗೆ ಅಲೆಪ್ಪೊದಲ್ಲಿದ್ದ ಅವನ ಪ್ರತಿನಿಧಿ ನೂರ್‌ಸಿನ್ ಕಳಿಸಿದ ಪತ್ರ ಅದು. 1993ರಲ್ಲಿ ಜಾನ್ ಮಾರಿ ದ್ಯುರಾಂ ಪ್ರಕಟಿಸಿದರು. ಅಲೆಪ್ಪೊದ ಗುಡುಗುದೇವ ಅದ್ದು ಪ್ರವಾದಿಯೊಬ್ಬನ ಬಾಯಲ್ಲಿ ಹೇಳಿಕಳಿಸಿದ್ದು ಇಷ್ಟು: ನಿನ್ನನ್ನು ತಂದೆಯ ಸಿಂಹಾಸನಕ್ಕೆ ಮರಳಿಸಿದವನು ನಾನೇ, ಕಡಲಿನೊಡನೆ ಹೋರಾಡಿದ ನನ್ನ ಆಯುಧಗಳನ್ನು ನಿನಗೆ ಕೊಟ್ಟವನೂ ನಾನೇ. ರಾಜಕಾರಣದ ಪತ್ರದಲ್ಲಿ ಸುಮ್ಮನೆ ಬಂದುಹೋಗುವ ಉಲ್ಲೇಖವಾದ್ದರಿಂದಲೇ ನನಗೆ ಇದು ಹೆಚ್ಚು ಬೆಲೆಯದ್ದು. ಓದುವವನಿಗೆ ಕಥೆ ಮೊದಲೇ ಗೊತ್ತು ಎಂಬ ಧೈರ್ಯ ಅದರಲ್ಲಿದೆ. 

‘ಎನುಮಾ ಎಲಿಶ್’ ಎಷ್ಟು ಹಳೆಯದು? ಈ ಕಾವ್ಯಕ್ಕೆ ಜೀವಮಾನ ತೆತ್ತ ಡಬ್ಲ್ಯೂ. ಜಿ. ಲ್ಯಾಂಬರ್ಟ್ ಅದನ್ನು ಕ್ರಿ.ಪೂ. 12ನೆಯ ಶತಮಾನದ ಮೊದಲನೆಯ ನೆಬೂಕದ್ನೆಚ್ಚರನ ಕಾಲಕ್ಕೆ ಇಟ್ಟರು. ಏಲಾಮಿನವರು ಹೊತ್ತೊಯ್ದಿದ್ದ ಮಾರ್ದುಕನ ಮೂರ್ತಿಯನ್ನು ಆ ಅರಸ ಮರಳಿ ತಂದಾಗ ಮಾರ್ದುಕನೇ ದೇವಾಧಿದೇವನೆಂದು ಸಾರುವ ಕಾವ್ಯ ಬೇಕಾಯಿತು ಎಂಬುದು ಅವರ ತರ್ಕ. ಅವರ ಕಾಲನಿರ್ಣಯವನ್ನು ಒಪ್ಪದವರಲ್ಲೂ ಹಲವರು ಮಾರಿಯ ಪತ್ರಕ್ಕಿಂತ ಕಾವ್ಯ ಕಿರಿಯದೆಂದೇ ಎಣಿಸುತ್ತಾರೆ. 1968ರಲ್ಲಿ ಬೆಣೆಲಿಪಿ ವಿದ್ವಾಂಸ ಥಾರ್ಕಿಲ್ಡ್ ಯಾಕೊಬ್ಸನ್ ವಾದವನ್ನು ತಿರುಗಿಸಿಯೇ ಹಾಕಿದರು: ಅಬ್ಬರಿಸುವ ಕಡಲಿನ ಜೊತೆ ಗುಡುಗಿನ ಕಾಳಗ ಹುಟ್ಟುವುದು ಮೆಡಿಟರೇನಿಯನ್ ದಂಡೆಯಲ್ಲಿ; ಬ್ಯಾಬಿಲೋನಿಗೇ ಅದು ಪಶ್ಚಿಮದಿಂದ ಹೋಗಿರಬೇಕು. ಹಾಗಾದರೆ ತಾಯಿಯೆಂದು ಎಲ್ಲರೂ ನಂಬಿದ ಕಾವ್ಯ ಕೀರ್ತನೆ 74ಕ್ಕೆ ದಾಯಾದಿ ಮಾತ್ರ. ನನಗೆ ಒಪ್ಪಿಗೆಯಾಗುವುದು ಇದೇ.

ಆದರೆ ಬ್ಯಾಬಿಲೋನನ್ನು ಪೂರ್ತಿ ಹೊರಗಿಡುವಂತಿಲ್ಲ. ಆದಿಕಾಂಡದಲ್ಲಿ ಸೃಷ್ಟಿಕಥೆ ಒಂದಲ್ಲ, ಎರಡು. ಫ್ರಾನ್ಸಿನ ರಾಜವೈದ್ಯ ಜಾನ್ ಆಸ್ತ್ರುಕ್ ದೇವರಿಗೆ ಬಳಸಿದ ಹೆಸರುಗಳ ವ್ಯತ್ಯಾಸ ಹಿಡಿದು 1753ರಲ್ಲಿಯೇ, ತಮ್ಮ ಹೆಸರು ಹಾಕದೆ, ಮೂಲಗಳನ್ನು ಬಿಡಿಸಿ ತೋರಿಸಿದ್ದರು. ಎರಡನೆಯ ಕಥೆಯಲ್ಲಿ ಕಡಲಿಲ್ಲ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿ, ಉಸಿರು ಊದಿ, ತೋಟ ನೋಡಿಕೊಳ್ಳಲು ಇಡುತ್ತಾನೆ. ಇದಕ್ಕೆ ಹತ್ತಿರದ ಬ್ಯಾಬಿಲೋನಿಯದ ಕಥೆ ‘ಅತ್ರಹಾಸಿಸ್’. ಕ್ರಿ.ಪೂ. 17ನೆಯ ಶತಮಾನದ ಅಮ್ಮಿಸಾದುಕನ ಆಳ್ವಿಕೆಯಲ್ಲಿ ಲಿಪಿಕಾರನೊಬ್ಬ ಪ್ರತಿಮಾಡಿದ ಅದರ ಫಲಕಗಳಿವೆ. ಕಾಲುವೆ ತೋಡಿ ತೋಡಿ ಬೇಸತ್ತ ಕೆಳದೇವತೆಗಳು ಸಲಿಕೆ, ಬುಟ್ಟಿಗಳಿಗೆ ಬೆಂಕಿಯಿಟ್ಟು ಮುಷ್ಕರ ಹೂಡುತ್ತಾರೆ. ರಾಜಿಯಾಗಿ, ಒಬ್ಬ ದೇವನನ್ನು ಕೊಂದು ಅವನ ರಕ್ತಮಾಂಸವನ್ನು ಜೇಡಿಮಣ್ಣಿಗೆ ಕಲಸಿ ಮನುಷ್ಯನನ್ನು ಮಾಡುತ್ತಾರೆ. ಅದೇ ಕಥೆ ಪ್ರಳಯದವರೆಗೂ ಸಾಗುತ್ತದೆ, ಆದಿಕಾಂಡದ ಸಾಲಿನಂತೆಯೇ. 1873ರಲ್ಲಿ ಸ್ಮಿತ್ ನಿನೆವೆಗೆ ಹೋಗಿ ಪ್ರಳಯ ಫಲಕದ ಬಿಟ್ಟುಹೋದ ಭಾಗವೆಂದು ಸಂಭ್ರಮದಿಂದ ತಂದ 17 ಸಾಲಿನ ಚೂರು ವಾಸ್ತವದಲ್ಲಿ ‘ಅತ್ರಹಾಸಿಸ್’ನದು.

ದಾರಿಯ ಪುರಾವೆಯೂ ಸಿಕ್ಕಿದೆ. ‘ಅತ್ರಹಾಸಿಸ್’ನ ಪ್ರಳಯಕಥೆಯ ಒಂದು ಫಲಕ ಉಗಾರಿತಿನಲ್ಲಿ ಸಿಕ್ಕಿತು, ಸ್ಮಿತ್ ಓದಿದ ಪ್ರಳಯ ಫಲಕ ಸೇರಿರುವ ಗಿಲ್ಗಮೇಶ್ ಕಾವ್ಯದ ಕ್ರಿ.ಪೂ. 14ನೆಯ ಶತಮಾನದ ಚೂರೊಂದು ಇಸ್ರೇಲಿನ ಮೆಗಿದ್ದೋದಲ್ಲಿ ಸಿಕ್ಕಿತು. ಇಸ್ರಾಯೇಲರ ರಾಜ್ಯ ಹುಟ್ಟುವ ಮೊದಲೇ ಕಾನಾನಿನ ಬರಹಗಾರರು ಈ ಕಥೆಗಳನ್ನು ಮಣ್ಣಿನ ಮೇಲೆ ನಕಲಿಸುತ್ತಿದ್ದರು. ಆಮೇಲೆ ಬಂದದ್ದು ಕ್ರಿ.ಪೂ. 6ನೆಯ ಶತಮಾನದಲ್ಲಿ ಯೆಹೂದದವರು ಬ್ಯಾಬಿಲೋನಿನಲ್ಲಿ ಕಳೆದ ಸೆರೆ. ಬ್ಯಾಬಿಲೋನಿನ ಅರಮನೆಯ ಲೆಕ್ಕಪತ್ರಗಳಲ್ಲಿ ಯೆಹೂದದ ಸೆರೆಯಾಳು ಅರಸ ಯೆಹೋಯಾಕೀನನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಪಡಿ ನಮೂದಾಗಿದೆ. ಎರ್ನ್ಸ್ಟ್ ವೈಡ್ನರ್ 1939ರಲ್ಲಿ ಅದನ್ನು ಪ್ರಕಟಿಸಿದರು. ಮಾರ್ದುಕನ ಹಬ್ಬ ನಡೆಯುವ ಊರಿನಲ್ಲೇ ಯೆರೂಸಲೇಮಿನ ಆಸ್ಥಾನ ಕೂತಿತ್ತು. ಆದಿಕಾಂಡದ ಮೊದಲ ಅಧ್ಯಾಯ ಈ ಕಾಲದ ಅಥವಾ ತುಸು ನಂತರದ ಪುರೋಹಿತರ ಬರಹವೆಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ.

ಬೇರೆಯವರ ಸೃಷ್ಟಿಕಾವ್ಯ ಹಿಡಿಸಿದರೆ ಏನು ಮಾಡಬಹುದು ಎಂಬುದಕ್ಕೆ ಅಸ್ಸೀರಿಯದವರ ಮಾದರಿ ಇದೆ. ಅವರ ಕೆಲವು ಫಲಕಗಳಲ್ಲಿ ‘ಎನುಮಾ ಎಲಿಶ್’ ಇದ್ದ ಹಾಗೇ ಇದೆ, ಮಾರ್ದುಕನ ಜಾಗದಲ್ಲಿ ಮಾತ್ರ ಅಶ್ಶೂರ್ ದೇವರು ನಿಂತಿದ್ದಾನೆ. ಆದಿಕಾಂಡದ ಬರಹಗಾರ ಹೆಸರು ಬದಲಿಸುವ ಕೆಲಸಕ್ಕೆ ಕೈಹಾಕಲಿಲ್ಲ, ಎದುರಾಳಿಯನ್ನೇ ತೆಗೆದುಬಿಟ್ಟ. ಆದಿಜಲ ಮಿಸುಕುವುದಿಲ್ಲ, ಸಿಟ್ಟಾಗುವುದಿಲ್ಲ. ನೀರನ್ನು ಎರಡು ಮಾಡಲು ಬಾಣ ಬೇಡ, ಅಪ್ಪಣೆ ಸಾಕು. ಅಕ್ಕಪಕ್ಕದ ನಾಡುಗಳಲ್ಲಿ ಪೂಜೆಗೊಳ್ಳುತ್ತಿದ್ದ ಸೂರ್ಯಚಂದ್ರರಿಗೆ ಇಲ್ಲಿ ಹೆಸರೂ ಇಲ್ಲ, ದೊಡ್ಡ ಬೆಳಕು, ಚಿಕ್ಕ ಬೆಳಕು ಅಷ್ಟೇ. ಅವು ಬರುವುದೂ ನಾಲ್ಕನೆಯ ದಿನ. ಘಟಸರ್ಪಗಳಂತೂ ಐದನೆಯ ದಿನ ಮೀನು, ಹಕ್ಕಿಗಳ ಜೊತೆಗೆ ಸೃಷ್ಟಿಯಾಗಿ ಆಶೀರ್ವಾದ ಪಡೆಯುತ್ತವೆ. ಕೀರ್ತನೆ 74ರಲ್ಲಿ ತಲೆ ಒಡೆಸಿಕೊಂಡ ಜಂತುಗಳಿಗೂ ಇವಕ್ಕೂ ಹೀಬ್ರೂವಿನಲ್ಲಿ ಒಂದೇ ಹೆಸರು. ಹಳೆಯ ಕಾಳಗವನ್ನು ಬಲ್ಲವನೇ ಇದನ್ನು ಬರೆದಿರಬೇಕು. ಅರಿಯದವನಾಗಿದ್ದರೆ ಮೀನುಗಳ ಪಟ್ಟಿಯಲ್ಲಿ ಈ ಸರ್ಪಗಳನ್ನು ನೆನೆಯುವ ಅಗತ್ಯವೇ ಇರಲಿಲ್ಲ. ಕೀರ್ತನೆಗಳನ್ನು ಒಟ್ಟುಮಾಡಿದವರು ಮಾತ್ರ ಆ ಕಾಳಗವನ್ನು ಬಿಡಲಿಲ್ಲ, ಒಂದೇ ಬೈಬಲ್ಲಿನಲ್ಲಿ ಎರಡೂ ಉಳಿದವು.