ಕಣತಲೆಗೆ ಹಚ್ಚಿದ್ದು, ಹೊಟ್ಟೆಗೆ ಕುಡಿಸಿದ್ದು

ತೆಲಂಗಾಣದ ಜಹೀರಾಬಾದ್ ಬಳಿಯ ರಾಯಿಕೋಡ್ ಸೀಮೆಯಲ್ಲಿ ಮೂರು ಭಾಷೆಗಳ ಬಳಕೆಯಿದೆ. ಸಿಟ್ಟು ನೆತ್ತಿಗೇರಿದಾಗ ಕನ್ನಡದವರು ಹಲ್ಲು ಮಸೆಯುತ್ತಾರೆ; ತೆಲುಗಿನಲ್ಲಿ ಅದು ‘ಪಳ್ಳು ನೂರಡಂ’, ಉರ್ದುವಿನಲ್ಲಿ ‘ದಾಂತ್ ಪೀಸ್‌ನಾ’. ಮಸೆಯುವುದು, ಅರೆಯುವುದು, ಬೀಸುವುದು: ಮೂರೂ ಕಲ್ಲಿನ ಕೆಲಸಗಳೇ. ಮನಸ್ಸಿನ ಭಾರವೆಲ್ಲ ದವಡೆಗೆ ಇಳಿಯುತ್ತದೆಂಬುದನ್ನು ಈ ಮೂರು ಭಾಷೆಗಳೂ ಕಂಡುಕೊಂಡಿದ್ದವು. ಆದರೆ ಅದೇ ಹಲ್ಲು ನಿದ್ದೆಯಲ್ಲಿ ಕರಕರ ಎಂದಾಗ ಮಾತು ಹೊಟ್ಟೆಯ ಕಡೆ ಹೊರಳುತ್ತಿತ್ತು: ಜಂತುಹುಳು ಆಗಿವೆ, ಮದ್ದು ಕುಡಿಸಿ. ಬೆಳಗ್ಗೆ ಎದ್ದಾಗ ಕಣತಲೆ ಸಿಡಿದರೆ ಅದು ಬೇರೆಯೇ ಲೆಕ್ಕ: ಉಷ್ಣ, ವಾಯು, ನಿದ್ದೆಗೇಡು. ಒಂದೇ ಸ್ನಾಯುವಿನ ದಣಿವು ಹೀಗೆ ಎರಡು ಕಾಯಿಲೆಯಾಗಿ ಒಡೆದುಹೋದದ್ದೇ ಈ ನೋವಿನ ಚರಿತ್ರೆಯ ಮುಖ್ಯ ಸಂಗತಿ ಎಂದು ನನಗೆ ತೋರುತ್ತದೆ. ಅದು ಒಡೆಯಲು ಕಾರಣವೂ ಇದೆ. ಸದ್ದು ಕೇಳುವವರು ಮಗ್ಗುಲಲ್ಲಿ ಮಲಗಿದವರು, ನೋವು ತಿನ್ನುವವರು ಇನ್ನೊಬ್ಬರು. ಇಬ್ಬರ ಮಾತೂ ಒಂದೆಡೆ ಕೂಡದಿದ್ದರೆ ರೋಗದ ಅರ್ಧವಷ್ಟೇ ವೈದ್ಯನಿಗೆ ಸಿಗುತ್ತದೆ.

1956ರ ರಾಜ್ಯ ಮರುವಿಂಗಡಣೆಯವರೆಗೆ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿತ್ತು. ಎಲ್ಲವೂ ಹಿಂದೆ ನಿಜಾಮರ ಸೀಮೆ. ಹಾಗಾಗಿ ವೈದ್ಯವೂ ಎರಡು ಕವಲಿನದು. ಆಯುರ್ವೇದದಲ್ಲಿ ಚರಕ ಹೇಳುವ ಐದು ಶಿರೋರೋಗಗಳಲ್ಲಿ ಒಂದು ಕ್ರಿಮಿಯಿಂದ ಬರುವುದು. ವಾಗ್ಭಟನ ಅಷ್ಟಾಂಗಹೃದಯವು ಮಕ್ಕಳು ತುಟಿ ಹಲ್ಲು ಕಚ್ಚುವುದನ್ನು ಬಾಲಗ್ರಹದ ಲಕ್ಷಣಗಳಲ್ಲಿ ಎಣಿಸುತ್ತದೆ. ಯುನಾನಿಯ ಹಕೀಮರಿಗೆ ಆಧಾರಗ್ರಂಥ ಇಬ್ನ್ ಸೀನಾನ ‘ಅಲ್ ಖಾನೂನ್’. ಸಾವಿರ ವರ್ಷದ ಹಿಂದಿನ ಆ ಗ್ರಂಥ ನಿದ್ದೆಯಲ್ಲಿ ಹಲ್ಲು ಕಡಿಯುವುದಕ್ಕೆ ಮೊದಲು ಹೇಳುವ ಕಾರಣ ದವಡೆಯ ಸ್ನಾಯುಗಳ ದುರ್ಬಲತೆ ಮತ್ತು ಸೆಳೆತ. ಮಕ್ಕಳಲ್ಲಿ ಹೆಚ್ಚು, ಪ್ರಾಯಕ್ಕೆ ಬಂದಾಗ ತಾನೇ ಹೋಗುತ್ತದೆ ಎಂದೂ ಅಲ್ಲಿದೆ. ಹೊಟ್ಟೆಹುಳುವಿನ ಮಾತು ಬರುವುದು ಆಮೇಲೆ, ಅದೂ ಸದ್ದು ಅತಿಯಾದಾಗ ಶಂಕಿಸಬೇಕಾದ ಹಲವು ಕಾರಣಗಳಲ್ಲಿ ಒಂದಾಗಿ. ಚಿಕಿತ್ಸೆಯಲ್ಲಿ ಕುತ್ತಿಗೆಗೆ ಬಿಸಿ ಗುಣದ ಎಣ್ಣೆ ತಿಕ್ಕುವುದೂ ಸೇರಿದೆ. ಸ್ನಾಯುವನ್ನು ಮೊದಲಿಟ್ಟ ಈ ತಿಳಿವು ಹಳ್ಳಿಗೆ ಬರುವಷ್ಟರಲ್ಲಿ ಸೋರಿಹೋಗಿ ಹುಳುವಷ್ಟೇ ಉಳಿದದ್ದು ದೊಡ್ಡ ನಷ್ಟ.

ಹುಳುವಿನ ಮದ್ದು ಕುಡಿಸಿದ ಮೇಲೆ ಮಗು ಹಲ್ಲು ಕಡಿಯುವುದನ್ನು ಬಿಟ್ಟಿತಲ್ಲ, ಕಣ್ಣಾರೆ ಕಂಡ ತಾಯಂದಿರದು ಸುಳ್ಳೇ ಎಂದು ಕೇಳಬಹುದು. ಅವರು ಕಂಡದ್ದು ಸುಳ್ಳಲ್ಲ. ಮಕ್ಕಳಲ್ಲಿ ಈ ಅಭ್ಯಾಸ ಕೆಲವು ರಾತ್ರಿ ಏರುತ್ತದೆ, ಕೆಲವು ರಾತ್ರಿ ಇಳಿಯುತ್ತದೆ, ಹೆಚ್ಚಿನವರಲ್ಲಿ ವಯಸ್ಸಿನೊಂದಿಗೆ ಮಾಯುತ್ತದೆ. ಏರಿದಾಗ ಮದ್ದು ಕೊಟ್ಟರೆ, ಇಳಿದದ್ದರ ಪುಣ್ಯ ಮದ್ದಿಗೆ ಸಲ್ಲುತ್ತದೆ. ಹುಳು ನಿಜವಾಗಿ ಇದ್ದ ಮಕ್ಕಳಿಗೆ ಆ ಮದ್ದು ಬೇಕೇ ಇತ್ತು. 2015ರಿಂದ ನಡೆಯುತ್ತಿರುವ ಜಂತುಹುಳು ನಿವಾರಣಾ ದಿನದ ಮಾತ್ರೆಯನ್ನು ಯಾರೂ ತಪ್ಪಿಸಬಾರದು. ಆದರೆ ಹುಳುವಿಗೂ ಹಲ್ಲಿನ ಸದ್ದಿಗೂ ಗಟ್ಟಿ ನಂಟು ಇದುವರೆಗೆ ಸಿದ್ಧವಾಗಿಲ್ಲ. ಕೆಟ್ಟದ್ದೇನೆಂದರೆ, ಈ ವಿವರಣೆಯಿಂದ ಹಲ್ಲು ಕಡಿತ ಮಕ್ಕಳ ಕಾಯಿಲೆಯೆಂಬ ನಂಬಿಕೆ ಬೇರೂರಿಬಿಟ್ಟಿತು. ದೊಡ್ಡವರ ತಲೆಶೂಲೆಯ ಹಿಂದೆ ದವಡೆ ಇರಬಹುದೆಂದು ಯಾರೂ ಹುಡುಕಲಿಲ್ಲ.

ಆದರೂ ಕೈ ಸರಿಯಾದ ಜಾಗಕ್ಕೇ ಹೋಗುತ್ತಿತ್ತು. ಜಹೀರಾಬಾದಿನ ಕೆಂಪು ನೆಲ ಶುಂಠಿಗೆ ಹೆಸರಾದದ್ದು. ಒಣಶುಂಠಿ ತೇಯ್ದ ಗಂಧವನ್ನು ಹಣೆಗೆ, ಕಣತಲೆಗೆ ಹಚ್ಚಿ ಬಟ್ಟೆ ಬಿಗಿಯುವುದು ಹಳೆಯ ಉಪಾಯ. 1920ರಲ್ಲಿ ಹಕೀಮ್ ಮೊಹಮ್ಮದ್ ಮೊಯಿಜುದ್ದೀನ್ ಫಾರೂಕಿ ಹೈದರಾಬಾದಿನಲ್ಲಿ ‘ಜಿಂದಾ ತಿಲಿಸ್ಮಾತ್’ ಎಂಬ ಮದ್ದು ತಂದರು. ನೀಲಗಿರಿ ಎಣ್ಣೆಯೇ ಮುಖ್ಯವಾದ ಆ ಸೀಸೆ ತಲೆನೋವಿಗೂ ಹಲ್ಲುನೋವಿಗೂ ಒಂದೇ. ಅದೇ ಮನೆಯಿಂದ ಫಾರೂಕಿ ಹಲ್ಲುಪುಡಿಯೂ ಬಂತು. ಇವೆಲ್ಲ ಚರ್ಮವನ್ನು ಮರುಳು ಮಾಡುವ ಖಾರ ಮಾತ್ರ ಎಂಬ ಆಕ್ಷೇಪಣೆಯನ್ನು ಅರ್ಧ ಒಪ್ಪುತ್ತೇನೆ. ಲೇಪ ಹಲ್ಲು ಕಡಿತವನ್ನು ನಿಲ್ಲಿಸದು. ಆದರೆ ಹಚ್ಚುವ ಬೆರಳು ಒತ್ತುವುದು ಕಣತಲೆಯ ಸ್ನಾಯುವನ್ನು; ಬಾಯಿ ಕಚ್ಚಿದಾಗ ಅಲ್ಲಿ ಉಬ್ಬುವುದು ಅದೇ. ಬಿಸಿಯೂ ನೀವುವುದೂ ಇಂದಿಗೂ ವೈದ್ಯರು ಹೇಳುವ ಉಪಚಾರಗಳೇ.

ದವಡೆಯ ಸ್ನಾಯುವಿನ ಈ ಪಾತ್ರವನ್ನು ಪಶ್ಚಿಮದ ವೈದ್ಯವೂ ಬೇಗ ಅರಿಯಲಿಲ್ಲ. ಫ್ರಾನ್ಸಿನಲ್ಲಿ 1907ರಲ್ಲಿ ಹಲ್ಲು ಕಡಿತಕ್ಕೆ ‘ಬ್ರುಕ್ಸೊಮೇನಿ’ ಎಂಬ ಹೆಸರು ಬಿತ್ತು, 1931ರಲ್ಲಿ ‘ಬ್ರುಕ್ಸಿಸಂ’ ಎಂಬ ಪದ ಬಂತು. ಬಹುಕಾಲ ಹಲ್ಲುಗಳು ಸರಿಯಾಗಿ ಕೂಡದಿರುವುದನ್ನೇ ದೂರಿ ಅವನ್ನು ಉಜ್ಜಿ ಸಮ ಮಾಡಿದರು. ಈಗ ತಿಳಿದಿರುವಂತೆ, ನಿದ್ದೆ ಕ್ಷಣಮಾತ್ರ ತಿಳಿಯಾಗುವಾಗ ದವಡೆಯ ಸ್ನಾಯು ತಾನಾಗಿ ಬಿಗಿಯುತ್ತದೆ. ಮನಸ್ಸಿನ ಒತ್ತಡ, ತಂಬಾಕು, ಮದ್ಯ, ಚಹಾ ಕಾಫಿಯ ಅತಿ, ಖಿನ್ನತೆಯ ಕೆಲವು ಮಾತ್ರೆಗಳು ಅದನ್ನು ಹೆಚ್ಚಿಸಬಲ್ಲವು. ರಾತ್ರಿ ಹಲ್ಲಿಗೆ ತೊಡಿಸುವ ಅಚ್ಚು ಸವೆತವನ್ನು ತಡೆಯುತ್ತದೆ, ಎಲ್ಲರ ತಲೆನೋವನ್ನೂ ನೀಗುವುದಿಲ್ಲ. ಗೊರಕೆಯ ನಡುವೆ ಉಸಿರು ಕಟ್ಟುವವರಿಗೆ ಆ ಉಸಿರಿನದೇ ಚಿಕಿತ್ಸೆ ಮೊದಲು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ತಿಂಗಳುಗಟ್ಟಲೆ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಹುದು. ಕಾಸು ಖರ್ಚಿಲ್ಲದ ಅಭ್ಯಾಸವೊಂದಿದೆ: ಹಗಲಿನಲ್ಲಿ ತುಟಿ ಮುಚ್ಚಿದ್ದರೂ ಮೇಲಿನ ಹಲ್ಲು ಕೆಳಗಿನದಕ್ಕೆ ತಾಗದಂತೆ ದವಡೆಯನ್ನು ಸಡಿಲ ಬಿಡುವುದು. ಅಗಿಯುವ, ನುಂಗುವ ಹೊತ್ತು ಬಿಟ್ಟರೆ ಹಲ್ಲಿಗೆ ಹಲ್ಲು ತಾಗಬೇಕಾದ ಕೆಲಸವೇ ಇಲ್ಲ.