ಅಕ್ಕೋರ ಪ್ಲಾಸ್ಟಿಕ್ ಚೀಲ

ಕಾರವಾರದಲ್ಲಿ ನನ್ನ ಜೊತೆ ಹದಿನೈದು ವರ್ಷ ಕೆಲಸ ಮಾಡಿ ನಿವೃತ್ತರಾದ ಹೊಲಿಗೆ ಅಕ್ಕೋರು ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಚೀಲವನ್ನು ಎದೆಗವಚಿಕೊಂಡು ಮನೆಗೆ ಬಂದರು. "ಅಕ್ಕೋರೆ, ನೀವು ಇತಿಹಾಸ ಕಲಿಸುವವರು. ಇದನ್ನು ಸ್ವಲ್ಪ ನೋಡಿ" ಎಂದರು. ಒಳಗಿದ್ದದ್ದು ಅವರ ಜನನ ದಾಖಲೆಯ ನಕಲು. ಪೋರ್ಚುಗೀಸ್ ಭಾಷೆ. ನನಗೆ ತಿಳಿದದ್ದು ಊರು ಮತ್ತು ಇಸವಿ ಮಾತ್ರ: ಮಡಗಾವ್, 1956.

ಕುವೈತಿನಲ್ಲಿರುವ ಮಗನಿಗೆ ಯುರೋಪಿಗೆ ಹೋಗುವ ಆಸೆ. 1961ರ ಡಿಸೆಂಬರ್ 19ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರು ಲಿಸ್ಬನ್ನಿನ ಕೇಂದ್ರ ನೋಂದಣಿ ಕಚೇರಿಯಲ್ಲಿ ಜನನ ದಾಖಲಿಸಿಕೊಂಡು ಪೋರ್ಚುಗಲ್ಲಿನ ಪೌರರಾಗಬಹುದು. ಅವರ ಮಕ್ಕಳಿಗೂ ಆ ದಾರಿ ತೆರೆಯುತ್ತದೆ. ಆದರೆ ಮೊದಲು ತಾಯಿಯ ಹೆಸರು ಅಲ್ಲಿ ಏರಬೇಕು. ಈ ದಾರಿಯಲ್ಲಿ ಹೋದ ಗೋವೆಯವರು ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿ ಒಂದು ಕೇರಿಯನ್ನೇ ಕಟ್ಟಿದ್ದಾರೆ. ಬ್ರಿಟನ್ 2020ರಲ್ಲಿ ಯುರೋಪಿನ ಒಕ್ಕೂಟದಿಂದ ಹೊರಬಿದ್ದ ಮೇಲೆ ಆ ಬಾಗಿಲು ಕಿರಿದಾಯಿತು. ಉಳಿದ ಯುರೋಪು ಇದ್ದೇ ಇದೆ.

ಪಾಠದ ಪುಸ್ತಕದಲ್ಲಿ ಗೋವಾ ವಿಮೋಚನೆ ನಾಲ್ಕು ಸಾಲು. ನಮ್ಮ ಕಡಲಿನೆದುರಿನ ಅಂಜದೀವ್ ನಡುಗಡ್ಡೆಯಲ್ಲೇ ನಮ್ಮ ನೌಕಾಪಡೆಯ ಹುಡುಗರು ಸತ್ತದ್ದನ್ನು ನಾನು ಪ್ರತಿವರ್ಷ ಬಾಯಿಮಾತಿನಲ್ಲಿ ಸೇರಿಸುತ್ತೇನೆ. ಮುಂದಿನ ಕಥೆಯನ್ನು ಮಾತ್ರ ನಾನೂ ಓದಿರಲಿಲ್ಲ. 1962ರ ಮಾರ್ಚಿನಲ್ಲಿ ಬಂದ ಪೌರತ್ವ ಆದೇಶದ ಪ್ರಕಾರ, ಗೋವೆಯಲ್ಲಿ ಹುಟ್ಟಿದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಭಾರತೀಯರಾದರು. ಬೇಡವೆನ್ನುವವರು ಒಂದು ತಿಂಗಳೊಳಗೆ ಬರೆದುಕೊಡಬೇಕಿತ್ತು. ಪೋರ್ಚುಗಲ್ ಇದನ್ನು ಒಪ್ಪಲಿಲ್ಲ. ಅಲ್ಲಿ 1974ರ ಏಪ್ರಿಲ್‌ನಲ್ಲಿ ಸರ್ವಾಧಿಕಾರ ಬಿದ್ದು, ಅದೇ ಡಿಸೆಂಬರ್ 31ರಂದು ಒಪ್ಪಂದಕ್ಕೆ ಸಹಿಯಾಗುವವರೆಗೂ ಲಿಸ್ಬನ್ನಿನ ಲೆಕ್ಕದಲ್ಲಿ ಗೋವೆ ಅವರದೇ. ಆ ಹಳೆಯ ಲೆಕ್ಕದ ಎಳೆಯೇ ಅಕ್ಕೋರ ಚೀಲದಲ್ಲಿದ್ದದ್ದು.

ಪೋರ್ಚುಗಲ್ಲಿಗೆ ಎರಡು ಪೌರತ್ವದ ಬಗ್ಗೆ ತಕರಾರಿಲ್ಲ. ನಮ್ಮ ಸಂವಿಧಾನದ 9ನೆಯ ವಿಧಿ, 1955ರ ಪೌರತ್ವ ಕಾಯ್ದೆ ಒಪ್ಪುವುದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರರಾದವರು ಭಾರತೀಯರಲ್ಲ. ಲಿಸ್ಬನ್ನಿನಲ್ಲಿ ಹೆಸರು ಬರೆಸಿದ ಮಾತ್ರಕ್ಕೇ ಹೀಗಾಗುತ್ತದೆಯೇ ಎಂಬ ಪ್ರಶ್ನೆ ಗೋವೆಯ ಶಾಸಕರನ್ನೂ ಕಾಡಿದೆ. ಆಮೇಲೆ ಸಾಗರೋತ್ತರ ಭಾರತೀಯ ಕಾರ್ಡು ಸಿಗಬಹುದು. ವೀಸಾ ಇಲ್ಲದೆ ಇಲ್ಲೇ ಬಾಳಬಹುದು. ಮತವಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ.

ಮಗ ಇವಿಷ್ಟನ್ನೂ ಹೇಳಿರಲಿಲ್ಲ. ಹೇಳಿದ್ದು ಹೆಸರಿನ ತೊಂದರೆ. ಜನನ ದಾಖಲೆಯಲ್ಲಿರುವುದು ತೌರಿನ ಹೆಸರು, ಪೋರ್ಚುಗೀಸ್ ಕಾಗುಣಿತದಲ್ಲಿ. ರೇಷನ್ ಕಾರ್ಡಿನಲ್ಲಿ ಗಂಡನ ಅಡ್ಡಹೆಸರು. ಸೇವಾ ಪುಸ್ತಕದಲ್ಲಿ ಯಾರೋ ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದದ್ದು. ಮೂವರೂ ಒಬ್ಬಳೇ ಎಂದು ಅಫಿಡವಿಟ್ ಬೇಕು. ಗಂಡಸರಿಗೆ ಈ ಗೋಳಿಲ್ಲ. ಹುಟ್ಟಿದ ಹೆಸರಿನಲ್ಲೇ ಸಾಯುತ್ತಾರೆ. ಆದರೂ ಲಿಸ್ಬನ್ ತಾಯಿಯ ಕಾಗದ ಕೇಳುತ್ತಿದೆಯಲ್ಲ ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ನಮ್ಮಲ್ಲಿ 1992ರ ಡಿಸೆಂಬರಿನವರೆಗೂ ವಿದೇಶದಲ್ಲಿ ಹುಟ್ಟಿದ ಮಗುವಿಗೆ ಪೌರತ್ವ ತಂದೆಯ ಕಡೆಯಿಂದಷ್ಟೇ ಬರುತ್ತಿತ್ತು, ತಾಯಿಯ ಕಡೆಯಿಂದಲ್ಲ.

ಮತದ ವಿಷಯ ಹೇಳಿದಾಗ ಅಕ್ಕೋರು ಸುಮ್ಮನಾದರು. ಚಹಾ ಆರಿತು.

"ಎಷ್ಟು ಚುನಾವಣೆ ಡ್ಯೂಟಿ ಮಾಡಿದ್ದೇನೆ ಅಕ್ಕೋರೆ! ಊರವರ ಬೆರಳಿಗೆಲ್ಲ ಶಾಯಿ ಹಚ್ಚಿದವಳು ನಾನು. ಇನ್ನು ನನ್ನ ಬೆರಳಿಗೇ ಇಲ್ಲವೇ?"

ಸ್ವಲ್ಪ ಹೊತ್ತಿನ ಮೇಲೆ ತಾವೇ ಅಂದರು: "ಆವಾಗ ನನಗೆ ಐದು ವರ್ಷ. ಯಾವ ದೇಶ ಬೇಕು ಅಂತ ಯಾರೂ ಕೇಳಲಿಲ್ಲ. ಈಗ ಕೇಳ್ತಿದ್ದಾರೆ. ಉತ್ತರ ಮಾತ್ರ ಮಗನಿಗೆ ಬೇಕು."

ನಾನು ಏನೂ ಸಲಹೆ ಕೊಡಲಿಲ್ಲ. ನನ್ನ ಮಗಳು ಬೆಂಗಳೂರಿನಲ್ಲೇ ಇದ್ದಾಳೆ, ನನಗೆ ಮಾತಾಡುವುದು ಸುಲಭ.

ಕೋರ್ಟಿನ ಹತ್ತಿರ ಅಫಿಡವಿಟ್ ಟೈಪ್ ಮಾಡಿಸಿದ್ದಾರೆ, ಮೂರೂ ಹೆಸರು ಸೇರಿಸಿ. ಸಹಿ ಹಾಕಿಲ್ಲ. ಮಗ ಪ್ರತಿ ಶುಕ್ರವಾರ ಫೋನ್ ಮಾಡುತ್ತಾನೆ. ಈ ಸಲ ಹೋದಾಗ ಚೀಲ ಹೊಲಿಗೆ ಯಂತ್ರದ ಡ್ರಾಯರಿನಲ್ಲಿತ್ತು, ಗುಂಡಿಗಳ ಡಬ್ಬಿಯ ಕೆಳಗೆ.